ಬ್ರೇಕಿನ ಕೆಳಗೊಂದು ಕಪ್ಪೆ

ಕೆಂಪು ದೀಪಕ್ಕೆ ಮನುಷ್ಯ ಹೆದರುತ್ತಾನೆ, ಹಳದಿ ದೀಪಕ್ಕೆ ಹೆದರುವುದಿಲ್ಲ. ನೂರಾಮೂರು ಡಿಗ್ರಿ ಜ್ವರ ಬಂದರೆ ಆಸ್ಪತ್ರೆಗೆ ಓಡುವ ನಾವು, ತೊಂಬತ್ತೊಂಬತ್ತಕ್ಕೆ ಒಂದು ಲೋಟ ಕಷಾಯ ಕುಡಿದು ಹೊದ್ದು ಮಲಗುವುದಿಲ್ಲವೇ, ಹಾಗೆ. ನಮ್ಮ ಕಾರಿನಲ್ಲಿ ಸ್ಪೀಡು ತೋರಿಸುವ ಮುಳ್ಳಿನ ಪಕ್ಕದಲ್ಲಿ ಒಂದು ದಿನ ಎ, ಬಿ, ಎಸ್ ಎಂಬ ಮೂರು ಇಂಗ್ಲಿಷ್ ಅಕ್ಷರಗಳು ಹಳದಿಯಾಗಿ ಹೊತ್ತಿಕೊಂಡಾಗ ನಾನು ಮಾಡಿದ್ದೂ ಅದನ್ನೇ. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ಕಚ್ಚಿ ನಿಂತು ಕಾರು ಜಾರದ ಹಾಗೆ, ಹಿಡಿದು ಬಿಟ್ಟು ಹಿಡಿದು ಬಿಟ್ಟು ನಿಲ್ಲಿಸುವ ಒಂದು ಏರ್ಪಾಡು ಕಾರಿನಲ್ಲಿ ಇರುತ್ತದಂತೆ. ಆ ಏರ್ಪಾಡಿಗೆ ಏನೋ ಆಗಿದೆ ಎಂದು ಆ ದೀಪದ ಅರ್ಥ. ಕಾರಿನ ಪುಸ್ತಕದಲ್ಲಿ ಇಷ್ಟು ಓದಿದ ನಾನು, 'ಮಾಮೂಲಿ ಬ್ರೇಕ್ ಎಂದಿನಂತೆ ಕೆಲಸ ಮಾಡುತ್ತದೆ' ಎಂಬ ಸಾಲು ಸಿಕ್ಕಿದ ಕೂಡಲೇ ಪುಸ್ತಕ ಮುಚ್ಚಿದೆ. ಅದರ ಮುಂದಿನ ಸಾಲು ಓದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಕಾರು ನಮ್ಮದು ಎಂದೆನಾದರೂ ಅದು ನಿಜವಾಗಿ ನನ್ನ ಹೆಂಡತಿ ಗಿರಿಜಾಳದು. ನಾನು ಶಿಕಾರಿಪುರದಲ್ಲೇ ಕಾಲೇಜಿಗೆ ನಡೆದು ಹೋಗುವವನು. ಅವಳು ಆನವಟ್ಟಿಯ ಪಕ್ಕದ ಹಳ್ಳಿಯೊಂದರ ಶಾಲೆಗೆ ಹೆಡ್‌ಮಿಸ್. ಎಷ್ಟೋ ವರ್ಷ ಅವಳು ಬೆಳಿಗ್ಗೆ ಒಂದು ಬಸ್ಸು ಹಿಡಿದು ಶಿರಾಳಕೊಪ್ಪಕ್ಕೆ ಹೋಗಿ, ಅಲ್ಲಿ ಇನ್ನೊಂದಕ್ಕೆ ಕಾದು, ನಿಂತುಕೊಂಡೇ ಆನವಟ್ಟಿ ತಲುಪುತ್ತಿದ್ದಳು. ನಲವತ್ತಾರನೇ ವಯಸ್ಸಿಗೆ ಒಂದು ದಿನ ಏನನ್ನಿಸಿತೋ, 'ನಾನು ಕಾರು ಕಲೀತೀನಿ' ಎಂದಳು. ಕಲಿತಳು. ಕಲಿಯುವಾಗ ಹಿಂದಕ್ಕೆ ತೆಗೆಯಲು ಹೋಗಿ ನಮ್ಮ ಗೇಟನ್ನೂ, ಪಕ್ಕದ ಮನೆಯವರ ಕನಕಾಂಬರದ ಗಿಡವನ್ನೂ ಒಂದೇ ಏಟಿಗೆ ಕೆಡವಿದಳು. ನಾನು ಏನಾದರೂ ಹೇಳುವ ಮೊದಲೇ ಇಳಿದು ಹೋಗಿ ಅವರ ಕ್ಷಮೆ ಕೇಳಿ, ಮತ್ತೆ ಬಂದು ಕೂತು, ಮತ್ತೆ ಹಿಂದಕ್ಕೆ ತೆಗೆದಳು. ಮೊದಲ ಸಲ ಒಬ್ಬಳೇ ಶಾಲೆಗೆ ಹೋಗಿ ಬಂದ ಸಂಜೆ ಅವಳ ಮುಖ ನೋಡಬೇಕಿತ್ತು. 'ಶಿರಾಳಕೊಪ್ಪದಾಗೆ ಬಸ್ ಸ್ಟ್ಯಾಂಡ್ ಎದುರಿಗೆ ಎರಡು ನಿಮಿಷ ಕಾರು ನಿಲ್ಲಿಸಿದ್ದೆ ರೀ' ಎಂದಳು. 'ಯಾಕೆ?' ಎಂದೆ. 'ಸುಮ್ನೆ. ಬಸ್ಸು ನೋಡಿ ಬಂದೆ.'

ದೀಪ ಬರುವುದಕ್ಕೆ ವಾರದ ಮೊದಲೇ ಅವಳು ಒಂದು ಮಾತು ಹೇಳಿದ್ದಳು. 'ಊರೊಳಗೆ ನಿಧಾನಕ್ಕೆ ಬರ್ತಾ ಬ್ರೇಕ್ ಒತ್ತಿದ್ರೆ ಕಾಲ ಕೆಳಗೆ ಕಪ್ಪೆ ಒದ್ದಾಡಿದಂಗೆ ಆಗ್ತತಿ ನೋಡ್ರಿ.' ನಾನು ಭೌತಶಾಸ್ತ್ರದ ಉಪನ್ಯಾಸಕ. ಇಪ್ಪತ್ತನಾಲ್ಕು ವರ್ಷದಿಂದ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ಕಪ್ಪೆಯಂಥ ಅವೈಜ್ಞಾನಿಕ ಪದವನ್ನು ನಾನು ಒಪ್ಪುವುದುಂಟೇ? ಅದು ಘರ್ಷಣೆಯಿಂದ ಉಂಟಾಗುವ ಕಂಪನವೆಂದೂ, ರಸ್ತೆಯ ಮೇಲ್ಮೈಯ ಒರಟುತನವೇ ಅದಕ್ಕೆ ಕಾರಣವೆಂದೂ ವಿವರಿಸಿದೆ. ಕಾಗದದ ಮೇಲೆ ಬಾಣದ ಗುರುತು ಹಾಕಿ ಚಿತ್ರವನ್ನೂ ಬರೆದೆ. ಅವಳು ಚಿತ್ರವನ್ನು ಪೂರ್ತಿ ನೋಡಿ, 'ರಸ್ತೆ ಅಲ್ಲ ರೀ, ಕಪ್ಪೆ' ಎಂದು ಎದ್ದು ಹೋದಳು. ಅಂದಿನಿಂದ ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದಿಡತೊಡಗಿದಳು. ಶಾಲೆಯ ಬಿಸಿಯೂಟದ ವಿಷಯ ಇರಬೇಕೆಂದು ನಾನು ಕೇಳಲೂ ಇಲ್ಲ.

ಆಮೇಲೆ ದೀಪ ಬಂತು. ಕಾರು ನಿಲ್ಲಿಸಿ ಮತ್ತೆ ಶುರು ಮಾಡಿದರೆ ಹೋಗುತ್ತಿತ್ತು. ಊರು ದಾಟಿ ವೇಗ ಹೆಚ್ಚಿದರೆ ಮತ್ತೆ ಬರುತ್ತಿತ್ತು. ನಾನು ಮೊಬೈಲಿನಲ್ಲಿ ವಿಡಿಯೋ ನೋಡಿ ಬ್ಯಾಟರಿಯ ತಂತಿ ಬಿಚ್ಚಿ ಹಾಕಿದೆ. ಎರಡು ದಿನ ದೀಪ ಬರಲಿಲ್ಲ. ಆ ಎರಡು ದಿನ ನಾನು ಸ್ಟಾಫ್ ರೂಮಿನಲ್ಲಿ ನಾಲ್ಕು ಜನಕ್ಕೆ ಕಾರಿನ ಬಗ್ಗೆ ಸಲಹೆ ಕೊಟ್ಟೆ. ಮೂರನೆಯ ದಿನ ಅದು ಮತ್ತೆ ಹೊತ್ತಿಕೊಂಡಾಗ, ಗಿರಿಜಾಳ ಕನ್ನಡಿಯ ಬಳಿಯಿದ್ದ ಪ್ಯಾಕೆಟ್ಟಿನಿಂದ ಒಂದು ಕಪ್ಪು ಸ್ಟಿಕ್ಕರ್ ಬಿಂದಿ ತೆಗೆದು, ಸರಿಯಾಗಿ ಆ ಮೂರು ಅಕ್ಷರದ ಮೇಲೆ ಅಂಟಿಸಿದೆ. ಅಳತೆ ಎಷ್ಟು ಸರಿಯಾಗಿ ಕೂತಿತೆಂದರೆ ನನಗೆ ನನ್ನ ಮೇಲೆಯೇ ಗೌರವ ಬಂತು. ಮರುದಿನ ಅವಳು, 'ಕಾರಿಗೆ ದೃಷ್ಟಿಬೊಟ್ಟು ಇಟ್ಟೀರೇನು?' ಎಂದಳು. 'ಬರೀ ಒಂದು ಬಲ್ಬು ಕಣೇ, ಬ್ರೇಕ್ ಸರಿ ಇದೆ, ಧೈರ್ಯವಾಗಿ ಹೋಗು' ಎಂದೆ. ಆ ಮಾತನ್ನು ನೆನೆದರೆ ಈಗಲೂ ಬೆವರು ಬರುತ್ತದೆ.

ಅದೇ ವಾರ, ಮಳೆ ಬಂದು ಬಿಟ್ಟಿದ್ದ ಒಂದು ಬೆಳಿಗ್ಗೆ, ಬಳ್ಳಿಗಾವಿ ದಾಟಿ ಸ್ವಲ್ಪ ದೂರದ ತಿರುವಿನಲ್ಲಿ, ಹಗ್ಗ ಹಿಡಿದ ಒಬ್ಬ ಮುದುಕಿಯೂ ಅವಳ ಎಮ್ಮೆಯೂ ರಸ್ತೆ ದಾಟುತ್ತಿದ್ದರು. ಗಿರಿಜಾ ಬ್ರೇಕ್ ಒತ್ತಿದಳು. ಚಕ್ರಗಳು ಕಚ್ಚಿಕೊಂಡವು; ಪುಸ್ತಕದಲ್ಲಿ ನಾನು ಓದದೆ ಬಿಟ್ಟ ಸಾಲಿನಲ್ಲಿ ಇದ್ದದ್ದು ಇದೇ. ಸ್ಟೀರಿಂಗ್ ತಿರುಗಿಸಿದಳು, ಚಕ್ರ ತಿರುಗಿದರೂ ಕಾರು ತಿರುಗಲಿಲ್ಲ, ಸೋಪಿನ ಮೇಲೆ ಇಟ್ಟ ತಟ್ಟೆಯ ಹಾಗೆ ನೆಟ್ಟಗೆ ಜಾರುತ್ತಾ ಹೋಯಿತು. ಅವಳು ಕಣ್ಣು ಮುಚ್ಚಲಿಲ್ಲವಂತೆ. 'ಆ ಅಜ್ಜಿ ಸೀರೆ ಮ್ಯಾಲಿನ ಹೂವಿನ ಬಣ್ಣ ನಂಗೆ ಇವತ್ತಿಗೂ ಗೊತ್ತೈತಿ' ಎನ್ನುತ್ತಾಳೆ. ಕಾರು ನಿಂತಾಗ ಅದಕ್ಕೂ ಮುದುಕಿಗೂ ನಡುವೆ ಒಂದು ಗೇಣು ಜಾಗ ಇತ್ತು. ಎಮ್ಮೆ ಬಾನೆಟ್ಟನ್ನು ಮೂಸಿ ನೋಡಿತು. ಗಿರಿಜಾ ಇಳಿದು ರಸ್ತೆಯ ಬದಿಗೆ ಕೂತುಬಿಟ್ಟಳು. ಮುದುಕಿ ಬೈಯಲಿಲ್ಲ. ಎಮ್ಮೆಯ ಹಗ್ಗವನ್ನು ಕಾರಿನ ಕನ್ನಡಿಗೇ ಸುತ್ತಿ, ಹತ್ತಿರ ಬಂದು ತಲೆ ಸವರಿ, 'ಅಂಜಬ್ಯಾಡವ್ವಾ, ನಾ ಚೊಲೋ ಅದೀನಿ, ಎಮ್ಮಿನೂ ಚೊಲೋ ಐತಿ. ನಿಂಗೇ ಒಂದೀಟು ನೀರು ಬೇಕೇನು?' ಎಂದಳಂತೆ.

ಸಂಜೆ ಗಿರಿಜಾ ಇದನ್ನೆಲ್ಲ ಹೇಳಿದಳು. ಕಾರಿನ ಬೀಗದ ಕೈಯನ್ನು ಮೊಳೆಗೆ ನೇತುಹಾಕಿದಳು. ಆ ಬಿಂದಿಯನ್ನು ಕಿತ್ತು ತಂದಿದ್ದಳು. ಅದನ್ನು ನನ್ನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಮರುದಿನ ಬೆಳಿಗ್ಗೆ ಬೇಗ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಬಸ್ಸಿಗೆ ಹೋದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಚೀಲ ಹೆಗಲಿಗೆ ಹಾಕಿಕೊಂಡು ಹೋಗುತ್ತಿದ್ದ ಆ ಬೆನ್ನನ್ನು ನೋಡಲು ನನ್ನಿಂದ ಆಗಲಿಲ್ಲ.

ಕಾಲೇಜಿಗೆ ರಜೆ ಹಾಕಿ ಅಂದೇ ಕಾರನ್ನು ನಮ್ಮೂರಿನ ಒಂದು ಗ್ಯಾರೇಜಿಗೆ ಒಯ್ದೆ. ಅವರು ಸ್ಕ್ಯಾನರ್ ಎಂಬ ಪೆಟ್ಟಿಗೆಯನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿದರು. ಎಡಗಡೆಯ ಹಿಂದಿನ ಚಕ್ರದ ವೇಗ ಅಳೆಯುವ ಸೆನ್ಸರ್ ಕೆಟ್ಟಿದೆ ಎಂದು ಅದು ಹೇಳಿತು. ಹೊಸ ಸೆನ್ಸರ್ ಹಾಕಿದರು. ಅವರ ಅಂಗಳದಲ್ಲಿ ಎಷ್ಟು ಸುತ್ತು ಹೊಡೆದರೂ ದೀಪ ಬರಲಿಲ್ಲ. ಮರುದಿನ ಊರು ದಾಟಿದ್ದೇ ಬಂತು. ಡಾಕ್ಟರ ಮುಂದೆ ಮಾತ್ರ ಕೆಮ್ಮದ ರೋಗಿಯ ಹಾಗೆ. 'ಸೆನ್ಸರ್ ಹೊಸದು, ಇನ್ನು ಕಂಪ್ಯೂಟರ್ರೇ ಹೋಗಿರ್ಬೇಕು ಸಾರ್' ಎಂದು ಅವರು ಕೈ ಚೆಲ್ಲಿದರು. ಆಗ ಗಿರಿಜಾಳ ಶಾಲೆಯ ಟೀಚರೊಬ್ಬರು ತಮ್ಮೂರು ಸೊರಬದ ಮೆಕ್ಯಾನಿಕ್ ಗುತ್ಯಪ್ಪನವರ ಹೆಸರು ಹೇಳಿದರು. ಬ್ರೇಕಿನ ಕೆಲಸಕ್ಕೆ ಅವರ ಹತ್ತಿರ ದೂರದಿಂದ ಜನ ಬರುತ್ತಾರಂತೆ.

ಭಾನುವಾರ ಸೊರಬಕ್ಕೆ ಹೊರಟೆವು. ಕಾರು ನಾನೇ ಓಡಿಸಿದೆ. ಗಿರಿಜಾ ಪಕ್ಕದಲ್ಲಿ ನೋಟ್‌ಬುಕ್ಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಗುತ್ಯಪ್ಪನವರ ಗ್ಯಾರೇಜು ಊರಿನ ಅಂಚಿನಲ್ಲಿ, ಹಲಸಿನ ಮರದ ಕೆಳಗೆ, ತಗಡಿನ ಮಾಡಿನದು. ಗೋಡೆಯ ತುಂಬ ಮೊಳೆ, ಒಂದೊಂದು ಮೊಳೆಗೂ ಒಂದೊಂದು ಮುರಿದ ಬಿಡಿಭಾಗ. ಯಾವುದು ಯಾವ ಕಾರಿನದು, ಏನಾಗಿ ಮುರಿಯಿತು ಎಂದು ಅವರು ನೆನಪಿನಿಂದ ಹೇಳುತ್ತಿದ್ದರು. ವಯಸ್ಸು ಐವತ್ತೈದರ ಮೇಲೆ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ನಾನು ದೀಪದ ಚರಿತ್ರೆಯನ್ನು ಶುರು ಮಾಡಿದೆ. ರಸ್ತೆ, ಬ್ಯಾಟರಿ, ಬಲ್ಬು ಎಂಬ ನನ್ನ ಮೂರು ಸಿದ್ಧಾಂತಗಳನ್ನೂ ಮುಂದಿಟ್ಟೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, 'ಸಾರ್ ಎಂತ ಕೆಲ್ಸದಲ್ಲಿ ಇರೋದು?' ಎಂದರು.

'ಕಾಲೇಜಿನಲ್ಲಿ ಪಾಠ ಮಾಡ್ತೀನಿ.'

'ಎಂತ ಪಾಠ?'

ಕ್ಷಣ ಹೊತ್ತು ಯೋಚಿಸಿದೆ. ಭೌತಶಾಸ್ತ್ರ ಎಂದರೆ, ಬಿಂದಿಯ ಕಥೆ ಹೊರಬಿದ್ದಾಗ ಇಡೀ ಶಾಸ್ತ್ರಕ್ಕೇ ಅವಮಾನ. 'ಕನ್ನಡ' ಎಂದೆ. ಗಿರಿಜಾ ನನ್ನ ಕಡೆ ತಿರುಗಿದಳು. ನಾನು ಹಲಸಿನ ಮರದ ಕಡೆ ತಿರುಗಿದೆ.

'ಓಡ್ಸೋರು ಯಾರು?' ಎಂದು ಗುತ್ಯಪ್ಪ ಕೇಳಿದರು. ಗಿರಿಜಾ ನೋಟ್‌ಬುಕ್ಕನ್ನು ಕೊಟ್ಟಳು. ಅವರು ಕೈಯನ್ನು ಬಟ್ಟೆಯಿಂದ ಒರೆಸಿಕೊಂಡು, ಕನ್ನಡಕ ಏರಿಸಿ, ಡಬ್ಬವೊಂದರ ಮೇಲೆ ಕೂತು ಓದತೊಡಗಿದರು. ದಿನ, ಜಾಗ, ಮಳೆಯೋ ಬಿಸಿಲೋ, ವೇಗ ಎಷ್ಟು, ದೀಪ ಎಲ್ಲಿ ಬಂತು, ಕಪ್ಪೆ ಎಲ್ಲಿ ಒದ್ದಾಡಿತು ಎಲ್ಲವನ್ನೂ ಅವಳು ಹಾಜರಿ ಪುಸ್ತಕದ ಹಾಗೆ ಗೆರೆ ಎಳೆದು ಬರೆದಿದ್ದಳು. ಮೂರನೆಯ ಪುಟಕ್ಕೆ ಬಂದು ಅವರು ನಿಲ್ಲಿಸಿದರು. ಬೆರಳಿಟ್ಟು ಗಟ್ಟಿಯಾಗಿ ಓದಿದರು: 'ದೀಪ ಬರುವ ಮೊದಲು ಮಾತ್ರ ಕಪ್ಪೆ. ದೀಪ ಬಂದ ಮೇಲೆ ಕಪ್ಪೆ ಇಲ್ಲ.' ತಲೆಯೆತ್ತಿ ಅವಳನ್ನು ನೋಡಿದರು. 'ಮೇಡಂ, ಇದೊಂದು ಸಾಲು ಸಾಕು. ಇದನ್ನ ಗಮನಿಸೋರು ನೂರಕ್ಕೆ ಒಬ್ರು ಇಲ್ಲ. ಕಂಪ್ಯೂಟರ್ರೂ ಸರಿ ಅದೆ, ಸೆನ್ಸರ್ರೂ ಸರಿ ಅದೆ. ತೊಂದ್ರೆ ಬೇರೆ ಕಡೆ ಅದೆ.'

ಚಕ್ರ ಇನ್ನೂ ಬಿಚ್ಚಿರಲಿಲ್ಲ. ಕಾರನ್ನು ಮುಟ್ಟಿಯೂ ಇರಲಿಲ್ಲ. ನನ್ನ ಹೆಂಡತಿಯ ದುಂಡಗಿನ ಅಕ್ಷರವನ್ನು ಓದಿಯೇ ಅವರು ಅರ್ಧ ದಾರಿ ತಲುಪಿದ್ದರು. ನಾನು ಇಪ್ಪತ್ತನಾಲ್ಕು ವರ್ಷದಿಂದ 'ವೀಕ್ಷಣೆ' ಎಂಬ ಪದವನ್ನು ಬೋರ್ಡಿನ ಮೇಲೆ ಬರೆದು ಅಡಿಗೆರೆ ಎಳೆಯುತ್ತಿದ್ದೇನೆ. ಅದು ನಮ್ಮ ಮನೆಯಲ್ಲೇ, ನನ್ನ ಎದುರೇ, ದಿನಾ ರಾತ್ರಿ ಊಟದ ಮೇಜಿನ ಮೇಲೆ ನಡೆಯುತ್ತಿತ್ತು. ನಾನು ಅದನ್ನು ಬಿಸಿಯೂಟದ ಲೆಕ್ಕ ಎಂದುಕೊಂಡಿದ್ದೆ.

ಗುತ್ಯಪ್ಪ ಜಾಕಿ ಕೊಟ್ಟು ಹಿಂದಿನ ಎರಡೂ ಚಕ್ರಗಳನ್ನು ನೆಲದಿಂದ ಎತ್ತಿದರು. ಮುಳ್ಳು ಆಡುವ ಹಳೆಯ ಮೀಟರೊಂದನ್ನು ತಂದು, ಬಲಗಡೆಯ ಸೆನ್ಸರಿನ ತಂತಿಗೆ ಸಿಕ್ಕಿಸಿ, 'ಸಾರ್, ಚಕ್ರ ತಿರುಗ್ಸಿ' ಎಂದರು. ತಿರುಗಿಸಿದೆ. ಮುಳ್ಳು ಮೆಲ್ಲಗೆ ಎದ್ದಿತು. ಜೋರಾಗಿ ತಿರುಗಿಸಿದೆ. ಇನ್ನೂ ಎದ್ದಿತು. 'ಒಳಗೆ ಹಲ್ಲಿನ ರಿಂಗ್ ಒಂದು ಅದೆ, ಚಕ್ರದ ಸಂಗಡ ತಿರುಗ್ತದೆ. ಅದರ ಪಕ್ಕ ಅಯಸ್ಕಾಂತ, ಅದಕ್ಕೆ ಸುತ್ತಿದ ತಂತಿ. ಹಲ್ಲು ಇವನ್ನ ಮುಟ್ಟೂದಿಲ್ಲ. ಒಂದೊಂದು ಹಲ್ಲು ದಾಟಿದಾಗ್ಲೂ ತಂತೀಲಿ ಒಂಚೂರು ಕರೆಂಟ್ ಹುಟ್ತದೆ. ಕನ್ನಡ ಮೇಷ್ಟ್ರಿಗೆ ಹೆಂಗೆ ಹೇಳದು...' ಎಂದು ಅವರು ಹುಡುಕುತ್ತಿರುವಾಗ, ನನ್ನ ಬಾಯಿಂದ ನನಗೇ ಗೊತ್ತಿಲ್ಲದಂತೆ, 'ಪ್ರೇರಿತ ವಿದ್ಯುತ್!' ಎಂದು ಹೊರಬಿತ್ತು.

'ಅವರು ಫಿಸಿಕ್ಸ್ ಮೇಷ್ಟ್ರು' ಎಂದಳು ಗಿರಿಜಾ, ಕಾದಿದ್ದವಳ ಹಾಗೆ.

ಗುತ್ಯಪ್ಪ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. 'ಹೌದಾ, ಹಂಗಾದ್ರೆ ಇನ್ನೂ ಜೋರಾಗಿ ತಿರುಗ್ಸಿ' ಎಂದರು. ನಾನು ತಿರುಗಿಸುತ್ತಲೇ ಇದ್ದೆ. ಬೋರ್ಡಿನ ಮೇಲೆ ಸುರುಳಿ ಬರೆದಿದ್ದೇನೆ, ಅಯಸ್ಕಾಂತ ಬರೆದಿದ್ದೇನೆ, ಬಾಣ ಹಾಕಿದ್ದೇನೆ, ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಎಂದು ಹೆದರಿಸಿದ್ದೇನೆ. ಆದರೆ ನನ್ನ ಕೈ ತಿರುಗಿಸಿದ್ದಕ್ಕೆ, ಯಾವುದೂ ಯಾವುದನ್ನೂ ಮುಟ್ಟದೆ, ಗ್ರೀಸು ಮೆತ್ತಿದ ಕತ್ತಲಲ್ಲಿ ವಿದ್ಯುತ್ತು ಹುಟ್ಟಿ ಒಂದು ಮುಳ್ಳನ್ನು ಎತ್ತುವುದನ್ನು ಹೀಗೆ ಮಂಡಿಯೂರಿ ಕೂತು ಎಂದೂ ನೋಡಿರಲಿಲ್ಲ. ನಾವು ಕಾರಿನಲ್ಲಿ ಕೂತು ಶೇಂಗಾ ತಿನ್ನುತ್ತಾ ಹರಟುವಾಗೆಲ್ಲ ನಾಲ್ಕು ಚಕ್ರದ ಒಳಗೂ ಇದು ನಡೆದೇ ಇತ್ತು.

ಎಡಗಡೆಯ ಚಕ್ರಕ್ಕೆ ಮೀಟರು ಹಾಕಿದರು. ಮುಳ್ಳು ಎದ್ದಿತು, ಆದರೆ ಸುತ್ತಿಗೊಮ್ಮೆ ಮುಗ್ಗರಿಸಿದ ಹಾಗೆ ಕುಲುಕಿತು. ಚಕ್ರ ಬಿಚ್ಚಿ, ಒಳಗಿನ ರಿಂಗನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಗುತ್ಯಪ್ಪ ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನ ಉಗುರನ್ನು ಒಂದೊಂದೇ ಹಲ್ಲಿನ ಮೇಲೆ ಆಡಿಸುತ್ತಾ ಬಂದರು. ಒಂದು ಕಡೆ ನಿಲ್ಲಿಸಿ, 'ಇಲ್ಲಿ' ಎಂದರು. ನನಗೆ ಏನೂ ಕಾಣಲಿಲ್ಲ. ಗಿರಿಜಾ ಮೊಬೈಲಿನ ಬೆಳಕು ಹಿಡಿದು ಬಗ್ಗಿ ನೋಡಿ, 'ಕೂದಲಿನಂಥ ಬಿರುಕು' ಎಂದಳು. ರಿಂಗಿನ ಅಡಿಯಲ್ಲಿ ತುಕ್ಕು ಉಬ್ಬಿ ಅದನ್ನು ಸೀಳಿತ್ತು.

'ನಾಲ್ಕು ಚಕ್ರ ಅಂದ್ರೆ ನಾಲ್ಕು ಜನ ಪಲ್ಲಕ್ಕಿ ಹೊತ್ತಂಗೆ ಮೇಡಂ' ಎಂದು ಅವರು ಈಗ ಪೂರ್ತಿ ಅವಳ ಕಡೆ ತಿರುಗಿ ಹೇಳಿದರು. 'ಈ ಬಿರುಕಿನ ಹತ್ರ ಬಂದಾಗೆಲ್ಲ ಇವ ಒಬ್ಬ ಎಡವ್ತಾನೆ. ನಿಧಾನ ಇದ್ದಾಗ ಕಂಪ್ಯೂಟರ್ ಇವನ ಚಕ್ರ ಜಾರ್ತಾ ಅದೆ ಅಂತ ತಿಳ್ಕೊಂಡು ಬ್ರೇಕ್ ಬಿಟ್ಟು ಹಿಡ್ದು ಮಾಡ್ತದೆ. ಅದೇ ನಿಮ್ಮ ಕಪ್ಪೆ. ವೇಗ ಜಾಸ್ತಿ ಆದ್ಮೇಲೆ ಅದಕ್ಕೆ ಅನುಮಾನ ಬರ್ತದೆ. ಸುಳ್ಳು ಲೆಕ್ಕ ನಂಬಿ ಬ್ರೇಕ್ ಬಿಡಬಾರ್ದು ಅಂತ ತಾನೇ ಕೆಲ್ಸ ನಿಲ್ಲಿಸಿ ದೀಪ ಹಾಕ್ತದೆ. ಇನ್ನು ನಂಗೆ ಗೊತ್ತಾಗೂದಿಲ್ಲ, ನೀವೇ ಹುಷಾರಾಗಿ ನೋಡ್ಕೊಳಿ ಅಂತ.' ಒಂದು ಯಂತ್ರ ತನಗೆ ತಿಳಿಯದು ಎಂದು ಅಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಬಿಂದಿ ಹಚ್ಚಿ ಮುಚ್ಚಿದ್ದೆ.

ಹೊಸ ರಿಂಗ್ ಶಿವಮೊಗ್ಗದಿಂದ ಬರಬೇಕಿತ್ತು. ಕಾರನ್ನು ಅಲ್ಲೇ ಬಿಟ್ಟು ಬಂದು, ಮುಂದಿನ ಭಾನುವಾರ ಬಸ್ಸಿನಲ್ಲಿ ಹೋದೆವು. ಗುತ್ಯಪ್ಪ ರಿಂಗನ್ನು ಬೆಂಕಿಯಲ್ಲಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು, ಅದು ಕೂರಬೇಕಾದ ಜಾಗಕ್ಕೆ ಮೆತ್ತಗೆ ಇಳಿಬಿಟ್ಟರು. ಸುತ್ತಿಗೆಯ ಒಂದು ಏಟೂ ಇಲ್ಲ. ಆರುತ್ತಾ ಆರುತ್ತಾ ಅದು ತಾನೇ ಬಿಗಿಯಾಗಿ ಕಚ್ಚಿಕೊಂಡಿತು. 'ನಮ್ಮಪ್ಪ ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕ್ತಿದ್ದ' ಎಂದರು. 'ಹಿಂಗೇ ಕಾಯಿಸಿ ಹಾಕೋದು. ಅವನ ಕೈ ನಂಗಿಲ್ಲ.' ಆ ಕೈಯನ್ನು ನಾನು ನೋಡಿಲ್ಲ. ನನಗೆ ಈ ಕೈಯೇ ಸಾಕಾಗಿತ್ತು.

ಆಮೇಲೆ ಅವರು ಬೀಗದ ಕೈಯನ್ನು ನನ್ನ ಚಾಚಿದ ಕೈ ದಾಟಿಸಿ ಗಿರಿಜಾಳ ಕೈಗೆ ಕೊಟ್ಟರು. 'ಅಂಜಿಕೆ ಹೋಗ್ಬೇಕಾದ್ದು ಇವರ್ದು.' ಊರಾಚೆಯ ಖಾಲಿ ಬಯಲು. ಮಳೆಗೆ ನೆನೆದು ಕೆಂಪಗೆ ಜಾರುತ್ತಿತ್ತು. ಗುತ್ಯಪ್ಪ ಅವಳ ಪಕ್ಕದಲ್ಲಿ ಕೂತರು, ನಾನು ಹಿಂದೆ. 'ನಲವತ್ತು ಬರ್ಲಿ ಮೇಡಂ. ನಾನು ಹ್ಞೂಂ ಅಂದ ಕೂಡ್ಲೆ ಪೂರ್ತಿ ಒತ್ತಿ. ಎಂತ ಆದ್ರೂ ಕಾಲು ತೆಗೀಬೇಡಿ. ಆ ಕಲ್ಲು ತಪ್ಪಿಸ್ಕೊಂಡು ಹೋಗಿ.' ಹ್ಞೂಂ ಎಂದರು. ಅವಳು ಒತ್ತಿದಳು. ಗರಗರಗರ ಎಂದು ಕಾರಿನ ಹೊಟ್ಟೆಯೊಳಗಿಂದ ಸದ್ದು ಬಂತು, ಕೆಸರು ಹಾರಿತು, ಹಿಂದಿನ ಸೀಟಿನಿಂದ ಯಾರೋ ಕಿರುಚಿದರು, ನಾನೇ. ಕಾರು ಹೇಳಿದ ಮಾತು ಕೇಳಿ, ಬಾಗಿ, ಕಲ್ಲನ್ನು ಬಳಸಿ, ನಿಂತಿತು.

'ಈಗ ಒದ್ದಾಡಿದ್ದು ಅಸಲಿ ಕಪ್ಪೆ' ಎಂದರು ಗುತ್ಯಪ್ಪ.

ಗಿರಿಜಾ ಸ್ಟೀರಿಂಗಿನ ಮೇಲೆ ಹಣೆಯಿಟ್ಟಳು. ತಲೆಯೆತ್ತಿದಾಗ ಕಣ್ಣು ಒದ್ದೆಯಾಗಿತ್ತು. 'ಇನ್ನೊಂದು ಸಲ ಮಾಡ್ಲಾ?' ಎಂದಳು. ಐದು ಸಲ ಮಾಡಿದಳು. ಮೂರನೆಯ ಸಲದಿಂದ ನಗುತ್ತಿದ್ದಳು.

ಗ್ಯಾರೇಜಿಗೆ ಮರಳಿ, ಅಲ್ಲಿಂದ ಹೊರಡುವಾಗ ಗುತ್ಯಪ್ಪ ಕಿಟಕಿಯ ಬಳಿ ಬಂದು, ಸಂಕೋಚದಿಂದ, 'ಸಾರ್, ಫಿಸಿಕ್ಸ್ ಮೇಷ್ಟ್ರು ಸಿಕ್ಕಿದ್ರೆ ಕೇಳ್ಬೇಕು ಅಂತ ಬಾಳ ದಿನದಿಂದ ಒಂದು ಇತ್ತು' ಎಂದರು. ನಾನು ಸೀಟಿನಲ್ಲಿ ನೆಟ್ಟಗೆ ಕೂತೆ. 'ಹಲ್ಲು ತಂತಿನ ಮುಟ್ಟೂದಿಲ್ಲ. ಆದ್ರೂ ಹಲ್ಲು ಆಡಿದ್ರೆ ತಂತೀಲಿ ಕರೆಂಟ್ ಹುಟ್ತದೆ. ಯಾಕೆ?' ಇದಕ್ಕಿಂತ ಸುಲಭದ ಪ್ರಶ್ನೆ ಉಂಟೇ! ಕಾಂತಕ್ಷೇತ್ರ ಎಷ್ಟು ಬೇಗ ಬದಲಾಗುತ್ತದೋ ಅಷ್ಟು ಹೆಚ್ಚು ವಿದ್ಯುತ್ತು ಎಂದೆ. ಸುರುಳಿಯ ಸುತ್ತುಗಳಿಂದ ಗುಣಿಸಿದೆ. ಋಣ ಚಿಹ್ನೆ ಯಾಕೆ ಬರುತ್ತದೆ ಎಂದೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು.

'ಅದು ಎಷ್ಟು ಹುಟ್ತದೆ ಅಂತ ಆಯ್ತು ಸಾರ್. ಅದು ಮೀಟರ್ ಹೇಳ್ತದೆ. ನಾ ಕೇಳಿದ್ದು, ಯಾಕೆ ಹುಟ್ತದೆ ಅಂತ.'

ಬಾಯಿ ತೆರೆದೆ. ಹಲಸಿನ ಮರ ನೋಡಿದೆ. ಇಪ್ಪತ್ತನಾಲ್ಕು ವರ್ಷದಲ್ಲಿ ಯಾವ ವಿದ್ಯಾರ್ಥಿಯೂ ಇದನ್ನು ಕೇಳಿರಲಿಲ್ಲ. ಕೇಳದ ಹಾಗೆ ನಾನು ನೋಡಿಕೊಂಡಿದ್ದೆನೇನೋ. 'ಗೊತ್ತಿಲ್ಲ ಗುತ್ಯಪ್ಪನವರೇ' ಎಂದೆ. ಅವರಿಗೆ ನಿರಾಸೆಯಾಗಲಿಲ್ಲ. 'ನಂಗೂ ಗೊತ್ತಿಲ್ಲ. ದಿನಾ ನೋಡ್ತೀನಿ, ದಿನಾ ಆಶ್ಚರ್ಯ ಆಗ್ತದೆ' ಎಂದು ಕೈ ಮುಗಿದು, ಮರದ ಕೆಳಗೆ ಕಾಯುತ್ತಿದ್ದ ಇನ್ನೊಂದು ಗಾಡಿಯ ಕಡೆ ಹೋದರು.

ಗಿರಿಜಾ ಕಾರು ಓಡಿಸುತ್ತಿದ್ದಳು. ಶಿರಾಳಕೊಪ್ಪ ಹತ್ತಿರ ಬಂತು. ರಸ್ತೆಯಿಂದ ಕಣ್ಣು ತೆಗೆಯದೆಯೇ ಕೇಳಿದಳು.

'ರೀ, ನಿಜವಾಗ್ಲೂ ಗೊತ್ತಿಲ್ಲೇನು?'

'ನಿಜವಾಗ್ಲೂ ಗೊತ್ತಿಲ್ಲ.'

'ಮತ್ತೆ ಇಷ್ಟು ವರ್ಷ ಆ ಮಕ್ಕಳಿಗೆ ಏನು ಪಾಠ ಮಾಡಿದ್ರಿ?'

'ಎಷ್ಟು ಅಂತ' ಎಂದೆ.

ಅವಳಿಗೆ ನಗು ತಡೆಯಲಾಗಲಿಲ್ಲ. ಕಾರನ್ನು ರಸ್ತೆಯ ಪಕ್ಕಕ್ಕೆ ತೆಗೆದು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕಳು. ಬ್ರೇಕು ಬಹಳ ಚೆನ್ನಾಗಿ ಹಿಡಿಯಿತು ಎಂಬುದನ್ನು ಮಾತ್ರ ನಾನು ಭೌತಶಾಸ್ತ್ರದ ಉಪನ್ಯಾಸಕನಾಗಿ ಖಚಿತವಾಗಿ ಹೇಳಬಲ್ಲೆ.